ಜಠರ ಕ್ಯಾನ್ಸರ್: ಔಷಧಕ್ಕೂ ಮೊದಲು ಪರೀಕ್ಷೆ

ಮುಂದುವರಿದ ಹಂತದ ಜಠರ ಕ್ಯಾನ್ಸರ್‌ಗೆ ಕಿಮೋಥೆರಪಿಯೊಂದೇ ಗತಿ ಎಂಬ ಕಾಲ ಮುಗಿದಿದೆ. ಅದರೊಂದಿಗೆ ಪ್ರತಿಕಾಯ ಔಷಧವನ್ನೂ ನೀಡುವ ಕ್ರಮ ಇಂದು ಜಗತ್ತಿನಾದ್ಯಂತ ಅಂಗೀಕೃತವಾಗಿದೆ. ಆದರೆ ಈ ದುಬಾರಿ ಔಷಧ ಎಲ್ಲರಿಗೂ ಫಲಿಸುವುದಿಲ್ಲ. ಯಾರಿಗೆ ಫಲಿಸುತ್ತದೆ ಎಂಬುದನ್ನು ಮೊದಲೇ ತಿಳಿಸುವ ಪರೀಕ್ಷೆಯತ್ತ ಔಷಧದಷ್ಟು ಗಮನ ಹರಿದಿಲ್ಲ ಎಂಬುದೇ ಚಿಂತೆಯ ವಿಷಯ.

ಕಿಮೋಥೆರಪಿಯ ಔಷಧಗಳು ವೇಗವಾಗಿ ವಿಭಜನೆಗೊಳ್ಳುವ ಜೀವಕೋಶಗಳನ್ನೆಲ್ಲ ಹೊಡೆಯುತ್ತವೆ. ಕೂದಲು ಉದುರುವುದು, ಬಾಯಿ ಹುಣ್ಣಾಗುವುದು ಇದೇ ಕಾರಣಕ್ಕೆ. ಪ್ರತಿಕಾಯ ಹಾಗಲ್ಲ, ಅದು ನಿರ್ದಿಷ್ಟ ಗುರಿಯೊಂದನ್ನು ಹುಡುಕಿ ಅಂಟಿಕೊಳ್ಳುತ್ತದೆ. ಕೆಲವು ಗೆಡ್ಡೆಗಳ ಜೀವಕೋಶಗಳ ಮೇಲ್ಮೈಯಲ್ಲಿ ಹರ್-2 ಎಂಬ ಪ್ರೋಟೀನು ಅತಿಯಾಗಿದ್ದು, ಬೆಳೆಯುವಂತೆ ಸದಾ ಸಂಕೇತ ನೀಡುತ್ತಿರುತ್ತದೆ. ಟ್ರಾಸ್ಟುಝುಮಾಬ್ ಆ ಪ್ರೋಟೀನಿಗೆ ಅಂಟಿ ಸಂಕೇತವನ್ನು ತಡೆಯುತ್ತದೆ. ಪ್ರೋಟೀನೇ ಅತಿಯಾಗಿ ಇಲ್ಲದ ಗೆಡ್ಡೆಯಲ್ಲಿ ಅದಕ್ಕೆ ಕೆಲಸವಿಲ್ಲ.

1998ರಿಂದ ಸ್ತನ ಕ್ಯಾನ್ಸರ್‌ಗೆ ಬಳಕೆಯಲ್ಲಿದ್ದ ಈ ಔಷಧವನ್ನು ಜಠರ ಕ್ಯಾನ್ಸರ್‌ನಲ್ಲಿ ಒರೆಗೆ ಹಚ್ಚಿದ್ದು 24 ರಾಷ್ಟ್ರಗಳಲ್ಲಿ ನಡೆದ 'ಟೋಗಾ' ಅಧ್ಯಯನ. 3,800ಕ್ಕೂ ಹೆಚ್ಚು ರೋಗಿಗಳ ಗೆಡ್ಡೆ ಪರೀಕ್ಷಿಸಿದಾಗ ಸುಮಾರು ಶೇ 22ರಷ್ಟು ಮಂದಿಯಲ್ಲಿ ಮಾತ್ರ ಹರ್-2 ಕಂಡುಬಂತು. ಅವರಲ್ಲಿ 594 ಮಂದಿ ಅಧ್ಯಯನಕ್ಕೆ ಸೇರಿದರು. 2010ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಕಿಮೋಥೆರಪಿ ಮಾತ್ರ ಪಡೆದವರ ಮಧ್ಯಮ ಬದುಕುಳಿಕೆ 11.1 ತಿಂಗಳು; ಪ್ರತಿಕಾಯವನ್ನೂ ಪಡೆದವರದು 13.8 ತಿಂಗಳು. ಅಂದರೆ ಅರ್ಧದಷ್ಟು ರೋಗಿಗಳು ಅದಕ್ಕಿಂತ ಹೆಚ್ಚು ಕಾಲ ಬದುಕಿದರು.

ಈ ಅಂಕಿಯೊಳಗೆ ಇನ್ನೊಂದು ಅಂಕಿ ಅಡಗಿದೆ. ಹರ್-2 ಪ್ರೋಟೀನು ಪ್ರಬಲವಾಗಿದ್ದವರಲ್ಲಿ ಈ ಅವಧಿ 11.8ರಿಂದ 16 ತಿಂಗಳಿಗೆ ಏರಿತು. ಪ್ರೋಟೀನು ದುರ್ಬಲವಾಗಿದ್ದವರಲ್ಲಿ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ. ಒಂದೇ ಔಷಧ, ಒಂದೇ ರೋಗ. ಪರೀಕ್ಷೆಯ ವರದಿಯಲ್ಲಷ್ಟೇ ವ್ಯತ್ಯಾಸ.

ಇಂಥ ಆಯ್ಕೆ ಇಲ್ಲದ ಪ್ರಯತ್ನಗಳ ಕಥೆ ಬೇರೆ. ಗೆಡ್ಡೆಯ ರಕ್ತನಾಳಗಳನ್ನು ತಡೆಯುವ ಬೆವಾಸಿಝುಮಾಬ್ ಅನ್ನು ಕಿಮೋಥೆರಪಿಗೆ ಸೇರಿಸಿ 774 ರೋಗಿಗಳಲ್ಲಿ ನಡೆಸಿದ ಅಧ್ಯಯನ 2011ರಲ್ಲಿ ಜೀವಿತಾವಧಿಯ ಲಾಭವನ್ನು ಸಾಬೀತುಪಡಿಸಲಾಗದೆ ಸೋತಿತು. ಅದೇ ಬಗೆಯ ರಾಮುಸಿರುಮಾಬ್ ಮಾತ್ರ, ಮೊದಲ ಚಿಕಿತ್ಸೆ ವಿಫಲವಾದವರಲ್ಲಿ, 2014ರಲ್ಲಿ ಎರಡು ತಿಂಗಳಷ್ಟು ಹೆಚ್ಚಳ ತೋರಿತು.

ಅನಂತರ ಬಂದ ಔಷಧಗಳೂ ಪರೀಕ್ಷೆಯ ಮಾತನ್ನೇ ಆಡುತ್ತಿವೆ. ರೋಗನಿರೋಧಕ ಶಕ್ತಿಯ ತಡೆಯನ್ನು ತೆರವುಗೊಳಿಸುವ ನಿವೊಲುಮಾಬ್‌ಗೆ ಕಿಮೋಥೆರಪಿಯೊಂದಿಗೆ 2021ರಲ್ಲಿ ಅಮೆರಿಕದ ಅನುಮತಿ ದೊರೆಯಿತು. ಪಿಡಿ-ಎಲ್1 ಪ್ರೋಟೀನು ಹೆಚ್ಚಿದ್ದವರಿಗೇ ಅದರಿಂದ ಹೆಚ್ಚು ಲಾಭ. ಕ್ಲಾಡಿನ್ ಎಂಬ ಪ್ರೋಟೀನನ್ನು ಗುರಿಯಾಗಿಸುವ ಝೋಲ್ಬೆಟುಕ್ಸಿಮಾಬ್‌ಗೆ 2024ರಲ್ಲಿ ಮೊದಲು ಜಪಾನ್, ಬಳಿಕ ಅಮೆರಿಕ ಒಪ್ಪಿಗೆ ನೀಡಿದವು. ಆರೋಗ್ಯವಂತ ಜಠರದ ಒಳಪದರದಲ್ಲೂ ಈ ಪ್ರೋಟೀನು ಇರುವುದರಿಂದ ವಾಕರಿಕೆ, ವಾಂತಿ ತೀವ್ರ. ಟ್ರಾಸ್ಟುಝುಮಾಬ್ ಕೂಡ ನಿರಪಾಯಕಾರಿಯಲ್ಲ. ಅದನ್ನು ಪಡೆಯುವವರ ಹೃದಯವನ್ನು ಆಗಾಗ ತಪಾಸಣೆ ಮಾಡುತ್ತಿರಬೇಕು.

ಬೆಲೆಯ ವಿಷಯದಲ್ಲಿ ಬೆಂಗಳೂರಿಗೂ ಪಾತ್ರವಿದೆ. ಇಲ್ಲಿನ ಬಯೋಕಾನ್ ಸಂಸ್ಥೆ 2014ರ ಆರಂಭದಲ್ಲಿ ಟ್ರಾಸ್ಟುಝುಮಾಬ್‌ನ ಸಮರೂಪಿ ಔಷಧವನ್ನು ಮಾರುಕಟ್ಟೆಗೆ ತಂದಿತು. ಮೂಲ ಕಂಪನಿ ರೋಶ್ ದೆಹಲಿ ಹೈಕೋರ್ಟ್ ಮೆಟ್ಟಿಲೇರಿದರೂ ಔಷಧ ಉಳಿದುಕೊಂಡಿತು. 2017ರ ಡಿಸೆಂಬರ್‌ನಲ್ಲಿ ಅಮೆರಿಕ ಅದಕ್ಕೆ ಅನುಮತಿ ನೀಡಿದಾಗ ಜಠರ ಕ್ಯಾನ್ಸರ್ ಕೂಡ ಪಟ್ಟಿಯಲ್ಲಿತ್ತು. ಆರಂಭದಲ್ಲಿ 440 ಮಿ.ಗ್ರಾಂ ಸೀಸೆಯೊಂದಕ್ಕೆ 57,500 ರೂ. ಬೆಲೆಯಿತ್ತು. ಬಳಿಕ ಇತರ ಭಾರತೀಯ ಕಂಪನಿಗಳೂ ಕಣಕ್ಕಿಳಿದು ಪೈಪೋಟಿ ಹೆಚ್ಚಿತು. ಆದರೂ 60 ಕೆ.ಜಿ. ತೂಕದ ವ್ಯಕ್ತಿಗೆ ಮೂರು ವಾರಕ್ಕೊಮ್ಮೆ 360 ಮಿ.ಗ್ರಾಂ ಬೇಕು, ರೋಗ ಮತ್ತೆ ಬೆಳೆಯುವವರೆಗೂ ಇದು ಮುಂದುವರಿಯುತ್ತದೆ. ಮಧ್ಯಮ ವರ್ಗದ ಕುಟುಂಬವೊಂದರ ಉಳಿತಾಯ ಕರಗಲು ಇಷ್ಟು ಸಾಕು.

ಪ್ರತಿಕಾಯಕ್ಕೇ ಕಿಮೋ ಔಷಧವನ್ನು ಜೋಡಿಸಿದ ಟ್ರಾಸ್ಟುಝುಮಾಬ್ ಡೆರುಕ್ಸ್‌ಟೆಕಾನ್ ಮೇಲಿನ ಸೀಮಾ ಸುಂಕವನ್ನು ಕೇಂದ್ರ ಸರ್ಕಾರ 2024ರ ಜುಲೈ ಬಜೆಟ್‌ನಲ್ಲಿ ರದ್ದುಪಡಿಸಿತು. ಸ್ವಾಗತಾರ್ಹವೇ. ಆದರೆ ಸುಂಕ ಇಳಿದ ಮಾತ್ರಕ್ಕೆ ಔಷಧ ಯಾರಿಗೆ ಬೇಕೆಂಬುದು ಗೊತ್ತಾಗುವುದಿಲ್ಲ.

ಔಷಧದ ಖರ್ಚಿನೆದುರು ಹರ್-2 ಪರೀಕ್ಷೆಯ ವೆಚ್ಚ ತೀರಾ ಅಲ್ಪ. ಎಂಡೋಸ್ಕೋಪಿಯಲ್ಲಿ ತೆಗೆದ ಅಂಗಾಂಶವೇ ಅದಕ್ಕೆ ಸಾಕು. ತೊಡಕಿರುವುದು ತೆಗೆಯುವ ಕ್ರಮದಲ್ಲಿ. ಜಠರದ ಗೆಡ್ಡೆಯಲ್ಲಿ ಈ ಪ್ರೋಟೀನು ಒಂದು ಕಡೆ ದಟ್ಟವಾಗಿದ್ದು ಪಕ್ಕದಲ್ಲೇ ಇಲ್ಲದಿರಬಹುದು. ಒಂದೆರಡು ಚೂರು ಮಾತ್ರ ಕಳುಹಿಸಿದರೆ 'ಇಲ್ಲ' ಎಂಬ ತಪ್ಪು ವರದಿ ಬರುವ ಸಾಧ್ಯತೆಯಿದೆ. ಐದಾರು ಕಡೆಯಿಂದ ಚೂರು ತೆಗೆಯಬೇಕೆನ್ನುವುದು ಇದಕ್ಕೇ. ವರದಿ ಓದುವ ಮಾನದಂಡವೂ ಸ್ತನ ಕ್ಯಾನ್ಸರ್‌ನದಕ್ಕಿಂತ ಭಿನ್ನ. ಜಿಲ್ಲಾ ಕೇಂದ್ರದಲ್ಲಿ ರೋಗ ಪತ್ತೆಯಾಗಿ ಬೆಂಗಳೂರಿನ ಆಸ್ಪತ್ರೆಗೆ ಹೊರಡುವವರು ವರದಿಯ ಕಾಗದದೊಂದಿಗೆ, ಮೇಣದಲ್ಲಿ ಕಾಪಿಟ್ಟ ಆ ಅಂಗಾಂಶದ ತುಣುಕನ್ನೂ ಪ್ರಯೋಗಾಲಯದಿಂದ ಕೇಳಿ ಪಡೆದು ಒಯ್ಯುವುದು ಒಳಿತು. ಚೂರು ಸಾಲುವಷ್ಟಿದ್ದರೆ ಇನ್ನೊಂದು ಎಂಡೋಸ್ಕೋಪಿಯಿಲ್ಲದೆ ಅದರಲ್ಲೇ ಪರೀಕ್ಷೆ ನಡೆಸಬಹುದು.