ಗೋಬಿ ಅಂದ್ರೆ ಬರೀ ಮಂಚೂರಿನಾ?

ಸಂಜೆ ಆರಾದ್ರೆ ಕಾಲೇಜು ಗೇಟಿನ ಎದುರಿನ ಗೋಬಿ ಗಾಡಿ ಮುಂದೆ ನಿಲ್ಲೋಕೆ ಜಾಗ ಇರಲ್ಲ. ಅದಕ್ಕೆ ನನ್ನ ತಕರಾರಿಲ್ಲ. 2024ರ ಮಾರ್ಚ್‌ನಲ್ಲಿ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕಬಾರದು ಅಂದಾಗ ಸ್ಟೇಟಸ್ ಹಾಕಿ ಶೋಕ ಆಚರಿಸಿದವರಲ್ಲಿ ನಾನೂ ಒಬ್ಬ. ನನ್ನ ತಕರಾರು ಬೇರೆ. ಇಷ್ಟೊಂದು ಹೂಕೋಸು ತಿನ್ನೋ ನಮಗೆ ಒಂದು ಹೂಕೋಸು ತಂದು, ಬೇಯಿಸಿ, ರಾತ್ರಿ ಊಟ ಮಾಡಿಕೊಳ್ಳೋಕೆ ಬರಲ್ಲ. ‘ನಂಗೆ ಅಡುಗೆ ಬರಲ್ಲಪ್ಪ’ ಅನ್ನೋದನ್ನ ಸರ್ಟಿಫಿಕೇಟ್ ತೋರಿಸಿದ ಹಾಗೆ ಹೇಳ್ತೀವಿ ಬೇರೆ.

ನಾಲ್ಕು ಜನ ಸೇರಿ ಬಾಡಿಗೆಗೆ ಹಿಡಿದ ಯಾವ ಮನೆಗಾದ್ರೂ ಹೋಗಿ ನೋಡಿ. ಅಡುಗೆ ಬರೋನು ಒಬ್ಬ ಇರ್ತಾನೆ, ದಿನಾ ಅವನೇ ಮಾಡ್ತಾನೆ. ಇಂಟರ್ನಲ್ಸ್ ಅವನಿಗೂ ಇರುತ್ತೆ, ರೆಕಾರ್ಡ್ ಅವನೂ ಬರೀಬೇಕು. ಉಳಿದ ಮೂವರು ‘ಮಗಾ, ನಿನ್ ಕೈರುಚಿನೇ ಬೇರೆ’ ಅಂತ ಹೊಗಳಿ ತಟ್ಟೆ ಹಿಡೀತಾರೆ. ಅವನೂ ಕೈ ಎತ್ತಿದ ದಿನ ಮೊಬೈಲಲ್ಲಿ ಬಿರಿಯಾನಿ ಆರ್ಡರ್. ನಮ್ಮ ಮನೆಗಳಲ್ಲೂ ಕಥೆ ಇದೇ: ಮಗಳಿಗೆ ಪಿಯುಸಿ ಮುಗಿಯೋದ್ರೊಳಗೆ ಚಪಾತಿ ಹಿಟ್ಟು ನಾದೋಕೆ ಕಲಿಸ್ತಾರೆ, ಮಗನಿಗೆ ಹಾಲಿನ ಲೋಟ ರೂಮಿಗೇ ಬರುತ್ತೆ.

ಅದಕ್ಕೇ ನನ್ನ ವಾದ ಇಷ್ಟು: ವಾರದ ಮಧ್ಯದ ರಾತ್ರಿಗೆ ಅಂತ ಒಂದೇ ಒಂದು ಹಗುರವಾದ ಊಟ ಪ್ರತಿಯೊಬ್ಬರಿಗೂ ಮಾಡೋಕೆ ಬರಬೇಕು. ನನ್ನ ಆಯ್ಕೆ ಹೂಕೋಸಿನ ಚೌಡರ್.

ಹೆಸರು ಕೇಳಿ ಸ್ಟಾರ್ ಹೋಟೆಲ್ ತಿಂಡಿ ಅನ್ಕೋಬೇಡಿ. ಅಮೆರಿಕದ ಈಶಾನ್ಯ ಕರಾವಳಿಯಲ್ಲಿ ಮೀನುಗಾರರು ಒಂದೇ ಹಂಡೆಗೆ ಮೀನು ಅಥವಾ ಚಿಪ್ಪಿನ ಮಾಂಸ, ಈರುಳ್ಳಿ, ಗಟ್ಟಿ ಬಿಸ್ಕೆಟ್ ಹಾಕಿ ಕುದಿಸ್ತಿದ್ದ ಊಟ ಅದು. ಆಲೂಗಡ್ಡೆ, ಹಾಲು ಆಮೇಲೆ ಸೇರಿಕೊಂಡವು. ಜಾಗ ಕಮ್ಮಿ, ಪಾತ್ರೆ ಒಂದೇ, ಇರೋದ್ರಲ್ಲೇ ಹೊಟ್ಟೆ ತುಂಬಬೇಕು. ನಮ್ಮ ರೂಮಿಗೂ ಆ ಹಡಗಿಗೂ ಏನು ವ್ಯತ್ಯಾಸ ಹೇಳಿ!

ಮೂವರಿಗೆ ಒಂದು ಮಧ್ಯಮ ಗಾತ್ರದ ಹೂಕೋಸು, ಎರಡು ಆಲೂಗಡ್ಡೆ, ಒಂದು ಈರುಳ್ಳಿ, ನಾಲ್ಕು ಎಸಳು ಬೆಳ್ಳುಳ್ಳಿ, ಅರ್ಧ ಲೀಟರ್ ಹಾಲು ಸಾಕು. ಹೂಕೋಸು ಬಿಡಿಸಿ ಉಪ್ಪು ಹಾಕಿದ ಬಿಸಿ ನೀರಲ್ಲಿ ಹತ್ತು ನಿಮಿಷ ಬಿಡಿ, ಹುಳ ಇದ್ರೆ ಈಚೆ ಬರುತ್ತೆ. ದಂಟು ಬಿಸಾಡಬೇಡಿ, ಸಣ್ಣಗೆ ಹೆಚ್ಚಿ. ಒಂದು ಚಮಚ ಬೆಣ್ಣೆಯಲ್ಲಿ ಈರುಳ್ಳಿ, ಬೆಳ್ಳುಳ್ಳಿ ಬಾಡಿಸಿ, ಸಣ್ಣಗೆ ಹೆಚ್ಚಿದ ಆಲೂಗಡ್ಡೆ, ಹೂಕೋಸು, ಮುಳುಗುವಷ್ಟೇ ನೀರು ಹಾಕಿ ಮುಚ್ಚಿ. ಹದಿನೈದು ನಿಮಿಷಕ್ಕೆ ಮೆತ್ತಗಾಗುತ್ತೆ. ಇನ್ನೂ ಬಿಟ್ರೆ ಗಂಧಕದ ವಾಸನೆ ಶುರುವಾಗುತ್ತೆ, ಕೆಮಿಸ್ಟ್ರಿ ಲ್ಯಾಬ್ ನೆನಪಾಗುತ್ತೆ.

ಈಗ ಮುಖ್ಯವಾದ ಕೆಲಸ. ಸೌಟಿನ ಹಿಂಬದಿಯಿಂದ ಅರ್ಧದಷ್ಟನ್ನು ಮಾತ್ರ ಮಸೆಯಿರಿ, ಉಳಿದದ್ದು ಹೋಳಾಗೇ ಇರಲಿ. ಇಂಟರ್ನೆಟ್ಟಿನ ಎಷ್ಟೋ ರೆಸಿಪಿಗಳು ಮಂದ ಆಗೋಕೆ ಕ್ರೀಮು, ಮೈದಾ ಕೇಳ್ತವೆ. ಎರಡೂ ಬೇಡ. ಹೂಕೋಸಿನಲ್ಲಿ ಪಿಷ್ಟ ಕಮ್ಮಿ, ಆಲೂಗಡ್ಡೆಯಲ್ಲಿ ಧಾರಾಳ. ಬಿಸಿಗೆ ಪಿಷ್ಟದ ಕಣಗಳು ನೀರು ಹೀರಿ ಉಬ್ಬಿ ರಸವನ್ನು ಗಟ್ಟಿ ಮಾಡ್ತವೆ. ಅಜ್ಜಿ ಮಾಡೋ ಗಂಜಿ ಮಂದ ಆಗೋದೂ ಹೀಗೇ. ಉರಿ ಸಣ್ಣ ಮಾಡಿ ಹಾಲು ಸೇರಿಸಿ, ಮೂರು ನಿಮಿಷ ಬಿಸಿ ಮಾಡಿ, ಕೊತಕೊತ ಕುದಿಸಬೇಡಿ. ಉಪ್ಪು, ಕುಟ್ಟಿದ ಮೆಣಸು ಹಾಕಿ ಇಳಿಸಿ.

ಟೊಮೆಟೊ, ನಿಂಬೆಹಣ್ಣಿನ ಆಸೆ ಬೇಡ, ಹಾಲು ಒಡೆಯುತ್ತೆ. ನ್ಯೂಯಾರ್ಕಿನವರು ಹಾಲು ಬಿಟ್ಟು ಟೊಮೆಟೊ ಹಾಕೋ ಚೌಡರ್ ಮಾಡ್ಕೋತಾರೆ. ಅದನ್ನ ಕಂಡು ಸಿಟ್ಟಾಗಿ 1939ರಲ್ಲಿ ಮೇನ್ ರಾಜ್ಯದ ಶಾಸಕರೊಬ್ಬರು ಚೌಡರಿಗೆ ಟೊಮೆಟೊ ಹಾಕೋದೇ ಅಪರಾಧ ಆಗಬೇಕು ಅಂತ ಮಸೂದೆ ತಂದಿದ್ದರು! ನಮ್ಮಲ್ಲಿ ಬಿಸಿಬೇಳೆಬಾತಿಗೆ ಬಟಾಣಿ ಹಾಕ್ಬೇಕಾ ಬೇಡ್ವಾ ಅಂತ ಜಗಳ ಆಡೋರಿಗೆ ಇವರು ಅಣ್ಣ.

‘ಸಾರು-ಅನ್ನ ಇರುವಾಗ ಇದೆಲ್ಲ ಯಾಕೆ?’ ಅಂತ ಕೇಳ್ತೀರಿ. ನ್ಯಾಯವಾದ ಪ್ರಶ್ನೆ. ಸಾರು ನನಗೂ ಇಷ್ಟ. ಆದ್ರೆ ಅದಕ್ಕೆ ಬೇಳೆ ಬೇಯಬೇಕು, ಹುಣಸೆ, ಸಾರಿನ ಪುಡಿ, ಒಗ್ಗರಣೆ ಬೇಕು, ಪಕ್ಕದಲ್ಲಿ ಅನ್ನ ಬೇರೆ ಆಗಬೇಕು. ಒಂದೇ ಇಂಡಕ್ಷನ್ ಒಲೆ, ಒಂದೇ ಪಾತ್ರೆ ಇರೋ ರೂಮಿಗೆ, ಅಡುಗೆನೇ ಗೊತ್ತಿಲ್ಲದ ಕೈಗೆ ಚೌಡರ್ ಸುಲಭ. ಹಗುರ ಅಂದ್ಮೇಲೆ ಹನ್ನೆರಡು ಗಂಟೆಗೆ ಮತ್ತೆ ಹಸಿವಾಗಬಹುದು. ಜೊತೆಗೆ ಬ್ರೆಡ್ ಇರಲಿ, ಮೊಟ್ಟೆ ತಿನ್ನೋರು ಒಂದು ಬೇಯಿಸಿಕೊಳ್ಳಿ. ಹಾಸ್ಟೆಲಿನವರು ದಯವಿಟ್ಟು ಕೆಟಲ್‌ನಲ್ಲಿ ಪ್ರಯೋಗ ಮಾಡಬೇಡಿ. ಹಾಲು ತಳ ಹಿಡಿಯುತ್ತೆ, ವಾರ್ಡನ್ ಸರ್ ನಿಮ್ಮನ್ನ ಹಿಡೀತಾರೆ. ರಜೆಗೆ ಊರಿಗೆ ಹೋದಾಗ ಮಾಡಿ, ಅಮ್ಮನಿಗೂ ಒಂದು ರಾತ್ರಿ ರಜೆ ಸಿಗಲಿ.

ಇನ್ನು ಪಾತ್ರೆ. ತಿಂದ ತಕ್ಷಣ ನೀರು ಹಾಕಿಡಿ, ಹಾಲು ಒಣಗಿದ್ರೆ ಉಜ್ಜೋಕೆ ಅರ್ಧ ಗಂಟೆ ಬೇಕು. ತೊಳೆಯೋ ಸರದಿ ಅವತ್ತು ಅಡುಗೆ ಮಾಡಿದವನದ್ದಂತೂ ಅಲ್ಲ.