12 ಸಾವಿರ ಡಾಲರಿನ ಲೆನ್ಸೂ ಚೆಂಡು ಮುಟ್ಟದ ಹುಡುಗನೂ

ಅಮೆರಿಕದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಗಳಿಗೆ ಹೊಸದೊಂದು ವ್ಯಾಧಿ ತಗುಲಿದೆ. ಮಕ್ಕಳು ಕಾಲೇಜು ಸೇರಿದೊಡನೆ ಅಲ್ಲಿನ ಫುಟ್‌ಬಾಲ್ ಪಂದ್ಯಗಳ ಚಿತ್ರ ತೆಗೆಯಬೇಕೆಂಬ ಹಂಬಲ. ಹಂಬಲ ತಪ್ಪಲ್ಲ, ಆದರೆ ಅದು ಮೈದಾನಕ್ಕೆ ಹೋಗುವ ಮೊದಲೇ ಅಂಗಡಿಗೆ ಹೋಗುತ್ತದೆ. ಕಳೆದ ವಾರ ಒಬ್ಬ ಬರೆದಿದ್ದ: "ಮೇಷ್ಟ್ರೇ, ಮಗ ಕಾಲೇಜು ತಂಡದಲ್ಲಿ ಆಡುತ್ತಿದ್ದಾನೆ. 400 ಮಿ.ಮೀ. ಎಫ್ 2.8 ಲೆನ್ಸ್ ಇಲ್ಲದೆ ಈ ಆಟದ ಫೋಟೋ ಬರುವುದೇ ಇಲ್ಲವಂತೆ. ಕೊಳ್ಳಲೇ?" ಹಾಗೆಂದು ಅವನಿಗೆ ಹೇಳಿದವನು ಲೆನ್ಸ್ ಮಾರುವವನು! ಕೊಳ್ಳಬೇಡವೆಂದು ಒಂದೇ ಸಾಲಿನಲ್ಲಿ ಉತ್ತರಿಸಿದೆ. ಈ ಪ್ರಶ್ನೆ ಕೇಳಿದವರಲ್ಲಿ ಅವನು ಮೂರನೆಯವನಾದ್ದರಿಂದ ಕಾರಣಗಳನ್ನು ಎಲ್ಲರಿಗಾಗಿ ಇಲ್ಲಿ ಬರೆಯುತ್ತಿದ್ದೇನೆ.

(ಊರಿನಲ್ಲಿರುವವರಿಗೆ ಒಂದು ಮಾತು: ಇದು ನಾವು ಶಾಲೆಯಲ್ಲಿ ಆಡುತ್ತಿದ್ದ ಕಾಲ್ಚೆಂಡಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕದ ಆಟ. ಮಗಳ ಮನೆಯಲ್ಲಿ ಕಳೆದ ಎರಡು ಶರತ್ಕಾಲಗಳಲ್ಲಿ, ಒಹಾಯೊದ ಸಣ್ಣ ಕಾಲೇಜುಗಳ ಬೇಲಿಗೊರಗಿ ನಾನು ಇದನ್ನು ನೋಡಲು ಕಲಿತೆ.)

ಮಾರುವವನು ಹೇಳುವುದು ಪೂರ್ತಿ ಸುಳ್ಳೆಂದು ನಾನು ಹೇಳಲಾರೆ. ಎಫ್ 2.8 ಲೆನ್ಸು ಎಫ್ 5.6 ಲೆನ್ಸಿಗಿಂತ ನಾಲ್ಕು ಪಟ್ಟು ಬೆಳಕನ್ನು ಒಳಗೆ ಬಿಡುತ್ತದೆ. ಓಡುವ ಆಟಗಾರನನ್ನು ಸ್ಪಷ್ಟವಾಗಿ ಹಿಡಿಯಲು ಸೆಕೆಂಡಿನ ಸಾವಿರದಲ್ಲೊಂದು ಭಾಗದ ಶಟರ್ ವೇಗ ಬೇಕು. ರಾತ್ರಿಯ ದೀಪದಡಿ ಮೊದಲನೆಯದಕ್ಕೆ ಐಎಸ್‌ಒ 3200 ಸಾಕಾದರೆ ಎರಡನೆಯದಕ್ಕೆ 12800 ಬೇಕಾಗಿ, ಚಿತ್ರದ ಮೇಲೆ ಮರಳು ಚೆಲ್ಲಿದಂತಾಗುತ್ತದೆ. ಪತ್ರಿಕೆಗಾಗಿ ದುಡಿಯುವವನು ಅದನ್ನು ಕೊಳ್ಳಲಿ. ಆದರೆ 2021ರಲ್ಲಿ ಕೆನಾನ್ ಹೊರತಂದಾಗ ಅಂಥ ಲೆನ್ಸಿನ ಬೆಲೆ ಸುಮಾರು 12 ಸಾವಿರ ಡಾಲರ್ ಇತ್ತು, ತೂಕ ಮೂರು ಕಿಲೋಗೆ ತುಸು ಕಡಿಮೆ. ಮಿಶಿಗನ್ ವಿಶ್ವವಿದ್ಯಾಲಯದ ಕ್ರೀಡಾಂಗಣದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ ಕೂರುತ್ತಾರೆ. ಇಂಥ ದೊಡ್ಡ ಕ್ರೀಡಾಂಗಣಗಳಲ್ಲಿ ಬಹಳಷ್ಟು ಕಡೆ ಪ್ರೇಕ್ಷಕರು ಉದ್ದನೆಯ ಲೆನ್ಸನ್ನು ಒಳಗೆ ಒಯ್ಯುವಂತೆಯೇ ಇಲ್ಲ. ಬಾಗಿಲಲ್ಲೇ ತಡೆಯಲ್ಪಡುವ ವಸ್ತುವಿಗೆ ಸಾಲ ಮಾಡುವುದೇ?

ನನ್ನ ಶಿಷ್ಯನ ಮಗ ಆಡುವುದು ಮೂರನೆಯ ಡಿವಿಷನ್ನಿನ ಕಾಲೇಜಿನಲ್ಲಿ. ಅಲ್ಲಿ ಆಟಕ್ಕಾಗಿ ವಿದ್ಯಾರ್ಥಿವೇತನ ಕೊಡುವುದಿಲ್ಲ. ಹುಡುಗರು ಪ್ರೀತಿಯಿಂದ ಆಡುತ್ತಾರೆ. ಪಂದ್ಯಗಳು ಹೆಚ್ಚಾಗಿ ಶನಿವಾರ ಹಗಲಿನಲ್ಲಿ, ಪ್ರೇಕ್ಷಕರು ಮೈದಾನಕ್ಕೆ ಹತ್ತಿರ. ಹಗಲಿಗೆ ಸಾಧಾರಣ 70-300 ಲೆನ್ಸ್ ಧಾರಾಳವಾಯಿತು. ರಾತ್ರಿಯ ಪಂದ್ಯವೊಂದಿದ್ದರೆ ಎಫ್ 2.8ರ 70-200 ಲೆನ್ಸನ್ನು ಬಾಡಿಗೆಗೆ ತರಬಹುದು.

ಇನ್ನು ಕ್ಯಾಮರಾದ ವೇಗದ ಮಾತು. 2023ರಲ್ಲಿ ಸೋನಿ ಪ್ರಕಟಿಸಿದ ಕ್ಯಾಮರಾ ಒಂದು ಸೆಕೆಂಡಿಗೆ 120 ಚಿತ್ರ ತೆಗೆಯುತ್ತದೆ. ನಮ್ಮ ಶಾಲೆಯ ಕ್ರೀಡಾದಿನಕ್ಕೆ ನನಗೆ ಮಂಜೂರಾಗುತ್ತಿದ್ದುದು 36 ಚಿತ್ರಗಳ ಒಂದು ರೋಲು. ಆ ಯಂತ್ರದಲ್ಲಿ ಅದು ಸೆಕೆಂಡಿನ ಮೂರನೇ ಒಂದು ಭಾಗದೊಳಗೆ ಮುಗಿದುಹೋದೀತು. ಆದರೆ ಎತ್ತ ತಿರುಗಿ ನಿಲ್ಲಬೇಕೆಂಬುದನ್ನು ಆ ಯಂತ್ರ ಹೇಳಿಕೊಡುವುದಿಲ್ಲ. ಅದನ್ನು ಹೇಳುವುದು ಆಟದ ನಿಯಮ. ಹತ್ತು ಗಜ ಮುನ್ನಡೆಯಲು ತಂಡಕ್ಕೆ ನಾಲ್ಕು ಪ್ರಯತ್ನಗಳು. ಮೂರನೆಯ ಪ್ರಯತ್ನಕ್ಕೆ ಒಂದೇ ಗಜ ಉಳಿದಿದ್ದರೆ ಬಹುಮಟ್ಟಿಗೆ ಚೆಂಡು ಹಿಡಿದು ನುಗ್ಗುತ್ತಾರೆ. ಒಂಬತ್ತು ಗಜ ಉಳಿದಿದ್ದರೆ ಎಸೆಯುತ್ತಾರೆ. ಒಂದು ಪ್ರಯತ್ನ ಮುಗಿದು ಇನ್ನೊಂದು ಆರಂಭವಾಗಲು 40 ಸೆಕೆಂಡುಗಳವರೆಗೆ ಅವಕಾಶವಿದೆ. ಸ್ಕೋರುಹಲಗೆ ನೋಡಿ ಯೋಚಿಸಲು ಅಷ್ಟು ಸಾಲದೇ?

ನೀಲ್ ಲೈಫರ್ ಎಂಬಾತ 1958ರ ಡಿಸೆಂಬರ್ 28ರಂದು, ತನ್ನ ಹದಿನಾರನೆಯ ಹುಟ್ಟುಹಬ್ಬದ ದಿನ, ನ್ಯೂಯಾರ್ಕಿನ ಯಾಂಕೀ ಕ್ರೀಡಾಂಗಣದಲ್ಲಿ ವೃತ್ತಿಪರ ಫುಟ್‌ಬಾಲಿನ ಅಂತಿಮ ಪಂದ್ಯದ ಗೆಲುವಿನ ಕ್ಷಣವನ್ನು ಸೆರೆಹಿಡಿದ. ಗಾಲಿಕುರ್ಚಿಯಲ್ಲಿದ್ದ ಮಾಜಿ ಸೈನಿಕರನ್ನು ತಳ್ಳಿಕೊಂಡು ಒಳಹೊಕ್ಕ ಬಡ ಹುಡುಗ ಅವನು. ಕೈಯಲ್ಲಿ ಉದ್ದನೆಯ ಲೆನ್ಸ್ ಇರಲಿಲ್ಲ. ಚೆಂಡು ಹಿಡಿದ ಅಲನ್ ಅಮೀಚಿ ಗೆರೆ ದಾಟಿದ್ದು ಅವನ ಕಣ್ಣೆದುರಿಗೇ. ಅದೃಷ್ಟವೆನ್ನುವವರು ಎನ್ನಲಿ, ಅವನು ನಿಂತಿದ್ದದ್ದು ಗೆರೆಯ ಬಳಿ.

ನನ್ನ ಸಿಟ್ಟಿಗೆ ಇನ್ನೊಂದು ಕಾರಣವಿದೆ. ಆ ಶಿಷ್ಯನ ಮಗ ತಂಡದಲ್ಲಿ ಗಾರ್ಡ್. ಎದುರಾಳಿಗಳನ್ನು ತಡೆದು ಹಿಂದಿನವರಿಗೆ ದಾರಿ ಮಾಡಿಕೊಡುವ ಐವರಲ್ಲಿ ಒಬ್ಬ. ಋತುವಿಡೀ ಆಡಿದರೂ ಚೆಂಡು ಅವನ ಕೈಗೆ ಬರುವುದು ಅಪರೂಪ. ದುಬಾರಿ ಲೆನ್ಸುಗಳೆಲ್ಲ ಚೆಂಡಿನ ಬೆನ್ನು ಹತ್ತಿ ಓಡುತ್ತವೆ. ಪತ್ರಿಕೆಯ ಚಿತ್ರಗಳಲ್ಲಿ ಇಂಥ ಹುಡುಗ ಯಾರದೋ ಹಿಂದೆ ಮಸುಕಾದ ಭುಜವಾಗಿ ಉಳಿಯುತ್ತಾನೆ. ಅಷ್ಟು ಹಣ ಸುರಿದು ಅಪ್ಪನೂ ಅದೇ ಚೆಂಡಿನ ಹಿಂದೆ ಹೋಗಬೇಕೆ? ಗಾರ್ಡ್ ಎಲ್ಲಿ ನಿಲ್ಲುತ್ತಾನೆಂಬುದು ಪ್ರತಿ ಪ್ರಯತ್ನಕ್ಕೂ ಮೊದಲೇ ತಿಳಿದಿರುತ್ತದೆ. ಚೆಂಡು ಹೊರಡುವ ಮುನ್ನ ಅವನು ಬಗ್ಗಿ ಒಂದು ಕ್ಷಣ ಅಲುಗದೆ ಇರಲೇಬೇಕು, ಅದು ನಿಯಮ. ಇಡೀ ಮೈದಾನದಲ್ಲಿ ಅವನಷ್ಟು ಸುಲಭವಾಗಿ ಸಿಗುವವರು ಕಡಿಮೆ.

ಆದ್ದರಿಂದ ಅವನಿಗೆ ಮತ್ತೆ ಬರೆದೆ: ಅಪ್ಪಾ, ಬೇಲಿಯ ಬಳಿ ಮೊಣಕಾಲೂರಿ ಕೂತುಕೋ. ಮಧ್ಯಾಹ್ನದ ಬಿಸಿಲಿನಲ್ಲಿ ಹೆಲ್ಮೆಟ್ಟಿನ ನೆರಳು ಮುಖವನ್ನು ಮುಚ್ಚುತ್ತದೆ. ಕ್ಯಾಮರಾವನ್ನು ತಗ್ಗಿಸಿ ಹಿಡಿದು, ಬೆಳಕನ್ನು ಸ್ವಲ್ಪ ಹೆಚ್ಚಿಸಿಕೊಂಡರೆ ಕಣ್ಣು ಕಾಣುತ್ತದೆ. ಚೆಂಡು ಎತ್ತ ಹೋಯಿತೆಂದು ನೋಡಬೇಡ.