ಓಡಿದವರ ಕಾಲಿನ ನರ ಕತ್ತರಿಸುತ್ತಿದ್ದ ದ್ವೀಪದಲ್ಲಿ ಈಗ ಓಟದ ಹಬ್ಬ

ಅಕ್ಟೋಬರ್ ಬಂತು ಅಂದ್ರೆ ಟ್ರೇಲ್ ಓಟದ ಹುಚ್ಚಿರೋರ ಫೋನುಗಳಲ್ಲಿ ಒಂದೇ ದ್ವೀಪದ ವಿಡಿಯೊಗಳು. ರಿಯೂನಿಯನ್. ಮಡಗಾಸ್ಕರಿನ ಪೂರ್ವಕ್ಕೆ, ಹಿಂದೂ ಮಹಾಸಾಗರದಲ್ಲಿರುವ, ಇವತ್ತಿಗೂ ಫ್ರಾನ್ಸಿನ ಭಾಗವಾಗಿರುವ ದ್ವೀಪ. ವಿಸ್ತೀರ್ಣ ಸುಮಾರು 2,500 ಚದರ ಕಿ.ಮೀ., ನಮ್ಮ ಒಂದು ಸಣ್ಣ ಜಿಲ್ಲೆಯಷ್ಟು. ಆದರೆ ನಡುವೆ 3,000 ಮೀಟರಿಗೂ ಮೀರಿದ ಶಿಖರ, ಒಂದು ಕಡೆ ಆಗಾಗ ಲಾವಾ ಉಗುಳುವ ಜ್ವಾಲಾಮುಖಿ, ಸುತ್ತಲೂ ಗೋಡೆಯಂತೆ ನಿಂತ ಬೆಟ್ಟಗಳ ನಡುವೆ ಮೂರು ಆಳವಾದ ಕಣಿವೆಗಳು. ಅಲ್ಲಿ ಪ್ರತಿ ಅಕ್ಟೋಬರಿನಲ್ಲಿ 'ಹುಚ್ಚರ ಕರ್ಣರೇಖೆ' ಅನ್ನೋ ಅರ್ಥದ ಫ್ರೆಂಚ್ ಹೆಸರಿನ ಓಟ ನಡೆಯುತ್ತೆ. ದಕ್ಷಿಣದ ಸಾಂ-ಪಿಯೆರ್ ಊರಿನಿಂದ ಉತ್ತರದ ಸಾಂ-ದೆನಿವರೆಗೆ, ದ್ವೀಪವನ್ನೇ ಅಡ್ಡಡ್ಡ ಸೀಳಿಕೊಂಡು 160 ಕಿ.ಮೀ.ಗೂ ಹೆಚ್ಚು. ಹತ್ತಿದ್ದನ್ನೆಲ್ಲ ಕೂಡಿಸಿದರೆ ಹತ್ತು ಸಾವಿರ ಮೀಟರ್ ಆಸುಪಾಸು. ಎರಡು ರಾತ್ರಿ, ಕೆಲವರಿಗೆ ಮೂರು ರಾತ್ರಿ, ನಿದ್ದೆಗೆಟ್ಟು ಓಡ್ತಾರೆ. ಮುಗಿಸಿದವರಿಗೆ ಕೊಡೋ ಟೀ ಶರ್ಟಿನ ಮೇಲೆ 'ನಾನು ಬದುಕುಳಿದೆ' ಅಂತ ಬರೆದಿರುತ್ತೆ.

ಆ ಟೀ ಶರ್ಟ್ ಬಗ್ಗೆಯೇ ನನಗೆ ಮಾತಾಡಬೇಕಿರೋದು.

17ನೇ ಶತಮಾನದಲ್ಲಿ ಫ್ರೆಂಚರು ಬಂದು ನೆಲೆಯೂರುವವರೆಗೆ ಅಲ್ಲಿ ಮನುಷ್ಯರ ವಾಸವೇ ಇರಲಿಲ್ಲ. ಆಗ ಅದರ ಹೆಸರು ಬೂರ್ಬೋಂ. ಮೊದಲು ಕಾಫಿ, ಆಮೇಲೆ ಕಬ್ಬು. ದುಡಿಯೋಕೆ ಮಡಗಾಸ್ಕರಿನಿಂದ, ಪೂರ್ವ ಆಫ್ರಿಕಾದಿಂದ ಹಿಡಿದು ತಂದ ಗುಲಾಮರು. ಅವರಲ್ಲಿ ತಪ್ಪಿಸಿಕೊಂಡು ಬೆಟ್ಟ ಹತ್ತಿದವರಿಗೆ 'ಮರೂನ್' ಅಂತ ಹೆಸರು. ಸ್ಪ್ಯಾನಿಷಿನಲ್ಲಿ ಕಾಡು ಸೇರಿದ ಸಾಕುದನಗಳಿಗೆ ಬಳಸುತ್ತಿದ್ದ ಮಾತಿನಿಂದ ಬಂದದ್ದು. ದನ ಅಂತಲೇ ಲೆಕ್ಕ.

1723ರಲ್ಲಿ ಈ ದ್ವೀಪಗಳಿಗೂ ಫ್ರೆಂಚ್ ರಾಜನ 'ಕಪ್ಪು ಸಂಹಿತೆ' ಬಂತು. ಗುಲಾಮ ಓಡಿಹೋಗಿ ಒಂದು ತಿಂಗಳು ಸಿಗದೇ ಇದ್ದರೆ ಕಿವಿ ಕತ್ತರಿಸಿ ಹೆಗಲಿಗೆ ರಾಜಮನೆತನದ ಲಿಲ್ಲಿ ಹೂವಿನ ಬರೆ. ಎರಡನೇ ಸಲ ಓಡಿದರೆ ಮೊಣಕಾಲ ಹಿಂದಿನ ನರ ಕತ್ತರಿಸಿ ಇನ್ನೊಂದು ಹೆಗಲಿಗೂ ಬರೆ. ಮೂರನೇ ಸಲ ಮರಣದಂಡನೆ. ಆ ಎರಡನೇ ಸಾಲು ಮತ್ತೊಮ್ಮೆ ಓದಿ. ಓಡುವ ಯಾರಿಗಾದರೂ ಆ ನರ ಯಾವುದು ಅಂತ ಗೊತ್ತು. ಓಟಕ್ಕೆ ಮುಂಚೆ ನಾವು ಹತ್ತು ನಿಮಿಷ ಕಾಲು ಚಾಚಿ ಬಗ್ಗಿ ಸಡಿಲ ಮಾಡಿಕೊಳ್ಳೋದು ಅದನ್ನೇ. ಇನ್ನು ಮುಂದೆ ಓಡಬಾರದು ಅಂತ ಕಾನೂನು ಬರೆದು, ಚಾಕು ಹಾಕಿ ಆ ನರ ಕತ್ತರಿಸುತ್ತಿದ್ದರು.

ಆದರೂ ಓಡಿದರು. ರಸ್ತೆ ಇಲ್ಲದ ಬೆಟ್ಟದ ಸಂದುಗಳಲ್ಲಿ ಮನೆ ಮಾಡಿಕೊಂಡರು. ಸಿಲಾವೋಸ್ ಕಣಿವೆಯ ಮೇಲೆ, ಎರಡು ಸಾವಿರ ಮೀಟರಿಗಿಂತ ಎತ್ತರದಲ್ಲಿ, ಅವರು ಕಲ್ಲು ಜೋಡಿಸಿ ಮಾಡಿಕೊಂಡ ಆಸರೆಗಳ ಗುರುತನ್ನು ಪುರಾತತ್ವದವರು ಪತ್ತೆ ಮಾಡಿದ್ದಾರೆ. ಅಲ್ಲಿ ಹಕ್ಕಿ ಹಿಡಿದು ತಿಂದು ಆ ಚಳಿಯಲ್ಲಿ ಬದುಕಿದ್ದರು. ಅವರನ್ನು ಬೇಟೆಯಾಡೋಕೆ ದಳಗಳಿದ್ದವು. ಕೊಂದಿದ್ದಕ್ಕೆ ಸಾಕ್ಷಿಯಾಗಿ ಕೈ ಕತ್ತರಿಸಿ ತಂದು ತೋರಿಸಿದರೆ ಇನಾಮು. ಆ ಬೇಟೆಗಾರರಲ್ಲಿ ಹೆಸರುವಾಸಿಯಾದವನು ಫ್ರಾನ್ಸ್ವಾ ಮುಸ್ಸಾರ್. ದ್ವೀಪದ ಅತಿ ಎತ್ತರದ ಶಿಖರಕ್ಕೆ ಹೋಗುವ ಭಾಗದಲ್ಲಿ ಇವತ್ತಿಗೂ ಅವನ ಹೆಸರಿನದೊಂದು ಗುಹೆ ಇದೆ. ಕೊಂದವನಿಗೂ ಜಾಗ ಸಿಕ್ಕಿದೆ, ಇರಲಿ. ಉಳಿದ ಹೆಸರುಗಳನ್ನ ನೋಡಿ. ದಿಮಿತಿಲ್ ಅನ್ನೋ ಬೆಟ್ಟ ಒಬ್ಬ ಮರೂನ್ ನಾಯಕನ ಹೆಸರು. ಸಲಾಜಿ ಕಣಿವೆಯ ನಡುವೆ ಒಂಟಿಯಾಗಿ ನಿಂತಿರುವ ಆಂಶೈನ್ ಶಿಖರ ಇನ್ನೊಬ್ಬನದು; ಹೆಂಡತಿ ಹೇವಾಳ ಜೊತೆ ಅಲ್ಲಿ ಬದುಕಿದ್ದ ಅಂತ ಜನ ಕಥೆ ಹೇಳ್ತಾರೆ. ಮಫಾತ್ ಅನ್ನೋ ಹೆಸರಿನ ಮೂಲ ಮಲಗಾಸಿ ಭಾಷೆಯ 'ಕೊಲ್ಲುವವನು' ಅನ್ನೋ ಮಾತು ಅಂತಾರೆ. ಆ ನೆಲದ ಭೂಪಟವನ್ನ ಓಡಿಹೋದವರ ನಾಲಿಗೆಯೇ ಬರೆದಿದೆ.

ಈಗ ಪ್ರವಾಸದ ವಿಡಿಯೊಗಳು ಏನು ಹೇಳ್ತವೆ? 'ಮನುಷ್ಯ ಮುಟ್ಟದ ಪ್ರಕೃತಿ.' 'ಸ್ವರ್ಗದ ಹಾದಿ.' ಮುಟ್ಟದ ಅನ್ನೋ ಪದ ಕೇಳಿದಾಗಲೆಲ್ಲ ನನಗೆ ನಗು ಬರುತ್ತೆ, ಆ ಪದದ ಜೊತೆ ನಮ್ಮದು ಹಳೇ ಸಂಬಂಧ. ನಮ್ಮನ್ನ ಮುಟ್ಟದೇ ಇರೋಕೆ ಒಂದು ಕಾರಣ ಹೇಳಿದರು, ನಾವು ತುಳಿದ ದಾರಿಯನ್ನ ಯಾರೂ ಮುಟ್ಟಿಲ್ಲ ಅನ್ನೋಕೆ ಈಗ ಇನ್ನೊಂದು ಕಾರಣ.

ಇಷ್ಟು ಬರೆದ ಮೇಲೆ ಎರಡು ಕಡೆಯಿಂದ ಬೈಗುಳ ಬರೋದು ಖಾತ್ರಿ. 'ಓಟದಲ್ಲೂ ರಾಜಕೀಯ ತರ್ತೀರಾ' ಅನ್ನೋರಿಗೆ ನಾನು ಸಮಯ ಹಾಳು ಮಾಡಲ್ಲ. ಕಾಲು ಕತ್ತರಿಸಿದ್ದು ರಾಜಕೀಯ ಅಲ್ಲದೇ ಇನ್ನೇನು. ನನ್ನ ಜಗಳ ಇರೋದು ನಮ್ಮವರ ಜೊತೆ. ಸಂಘಟನೆಯ ಎಷ್ಟೋ ಸಂಗಾತಿಗಳಿಗೆ ಟ್ರೇಲ್ ಓಟ ಅಂದ್ರೆ ಹದಿನೈದು ಸಾವಿರದ ಶೂ ಹಾಕಿದೋರ ಶೋಕಿ. 'ಹೊಟ್ಟೆ ತುಂಬಿದೋರ ಆಟ, ನಮ್ಮ ಹುಡುಗರಿಗೆ ಯಾಕೆ' ಅಂತಾರೆ. ನಾನು ವಾರಕ್ಕೆ ನಾಲ್ಕು ದಿನ ಕೆರೆ ಏರಿ ಮೇಲೆ ಓಡ್ತೀನಿ, ಇದನ್ನ ಹಿರಿಯರಿಂದಲೂ ಕಿರಿಯರಿಂದಲೂ ಕೇಳಿದ್ದೀನಿ. ನನಗೆ ಇದು ಒಪ್ಪಿಗೆ ಇಲ್ಲ. ನಮ್ಮ ತಾತ ಊರೊಳಗಿನ ಬೀದಿಗೆ ಬಂದರೆ ಚಪ್ಪಲಿ ಕೈಯಲ್ಲಿ ಹಿಡ್ಕೊಂಡು, ತಲೆ ತಗ್ಗಿಸಿ, ಓರೆಯಾಗಿ ನಡೀಬೇಕಿತ್ತು. 1924ರಲ್ಲಿ ವೈಕಂನಲ್ಲಿ ಸತ್ಯಾಗ್ರಹ ನಡೆದದ್ದು ಗುಡಿಯ ಒಳಗೆ ಹೋಗೋಕಲ್ಲ, ಗುಡಿಯ ಸುತ್ತಲಿನ ರಸ್ತೆಯಲ್ಲಿ ನಡೆಯೋಕೆ. ಹಾಗಿರುವಾಗ ಯಾವ ಕೆಲಸವೂ ಇಲ್ಲದೆ, ಯಾರ ಅಪ್ಪಣೆಯೂ ಇಲ್ಲದೆ, ಬರೀ ಖುಷಿಗೆ ಅಂತ ನಮ್ಮ ಮಕ್ಕಳು ಊರ ರಸ್ತೆಯಲ್ಲಿ, ಬೆಟ್ಟದ ಹಾದಿಯಲ್ಲಿ ಓಡೋದು ಶೋಕಿ ಹೇಗಾಗುತ್ತೆ? ಹಾಸ್ಟೆಲ್ ಹುಡುಗೀರು ಬೆಳಿಗ್ಗೆ ಐದಕ್ಕೆ ಎದ್ದು ಓಡಿದರೆ ಅದು ಪೊಲೀಸ್ ದೈಹಿಕ ಪರೀಕ್ಷೆಗೆ ಮಾತ್ರ ಆಗಬೇಕಾ?

ರಿಯೂನಿಯನ್ನಿನ ಜನ ಈ ಪ್ರಶ್ನೆಗೆ ಉತ್ತರ ಕೊಟ್ಟಾಗಿದೆ ಅನ್ನಿಸುತ್ತೆ. ಆ ಓಟ ಬರೀ ಹೊರಗಿನವರದಲ್ಲ, ದ್ವೀಪದವರೇ ದೊಡ್ಡ ಸಂಖ್ಯೆಯಲ್ಲಿ ಓಡ್ತಾರೆ. ಉಳಿದೋರು ರಾತ್ರಿಯೆಲ್ಲ ದಾರಿ ಪಕ್ಕ ನಿಂತು ಡೋಲು ಬಡಿದು ಕೂಗ್ತಾರೆ. ತಾಯಿಬಿತ್ ಅನ್ನೋ ಕಣಿವೆದಾರಿ ಹತ್ತುವಾಗ 'ಲಿಫ್ಟ್ ಕಷಾಯ' ಅಂತ ಸೊಪ್ಪಿನ ಕಷಾಯ ಕೊಡ್ತಾರಂತೆ, ಕುಡಿದರೆ ಲಿಫ್ಟಿನಲ್ಲಿ ಹೋದ ಹಾಗೆ ಮೇಲೇರಬಹುದು ಅಂತ ತಮಾಷೆ. 1848ರ ಡಿಸೆಂಬರ್ 20ರಂದು ಅಲ್ಲಿ 60,000ಕ್ಕೂ ಹೆಚ್ಚು ಜನ ಗುಲಾಮಗಿರಿಯಿಂದ ಬಿಡುಗಡೆಯಾದರು. ಆ ದಿನ ಇವತ್ತು ಸರ್ಕಾರಿ ರಜೆ, ಬೀದಿ ಹಬ್ಬ.

ಹಾಗಂತ ಎಲ್ಲ ಸರಿಹೋಗಿದೆ ಅಂತಲ್ಲ. ಮಫಾತ್ ಕಣಿವೆಗೆ ಇವತ್ತಿಗೂ ರಸ್ತೆ ಇಲ್ಲ. ನಡೆದು ಹೋಗಬೇಕು, ಇಲ್ಲಾ ಹೆಲಿಕಾಪ್ಟರ್. ಅಲ್ಲಿ ಸುಮಾರು 800 ಜನ ಇದ್ದಾರೆ. ಗುಲಾಮಗಿರಿ ಮುಗಿದ ಮೇಲೆ ಕೆಳಗೆ ನೆಲ ಸಿಗದ ಬಡ ಬಿಳಿಯರೂ ಬಂದು ಸೇರಿ ಬೆರೆತ ಜನ. ಮನೆ ಅವರದು, ನೆಲ ಸರ್ಕಾರದ್ದು. ಅರಣ್ಯ ಇಲಾಖೆ ಕೊಟ್ಟ ಗುತ್ತಿಗೆಯ ಮೇಲೆ ಬದುಕು. ಕಣಿವೆ 2007ರಲ್ಲಿ ರಾಷ್ಟ್ರೀಯ ಉದ್ಯಾನಕ್ಕೆ ಸೇರಿತು, 2010ರಲ್ಲಿ ಯುನೆಸ್ಕೊ ಪಟ್ಟಿಗೂ ಹೋಯಿತು. ಓಡೋಕೆ ಬಂದವನು ಅವರ ಮನೆ ಮುಂದೆ ನೀರು ತುಂಬಿಕೊಂಡು ಹೋಗ್ತಾನೆ, ಹಕ್ಕುಪತ್ರದ ಮಾತು ಅವನಿಗೆ ಯಾರು ಹೇಳ್ತಾರೆ? ನಾಗರಹೊಳೆಯ ಜೇನುಕುರುಬರ ಹಾಡಿಗಳನ್ನ ಬಲ್ಲ ನಿಮಗೆ ನಾನು ಬಿಡಿಸಿ ಹೇಳಬೇಕಿಲ್ಲ. ಮಲೆನಾಡಿನ ಕಾಫಿ ತೋಟಗಳಲ್ಲೂ ಈಗ ಟ್ರೇಲ್ ಓಟಗಳು ನಡೆಯುತ್ತವೆ. ಆ ಕಾಲುದಾರಿ ಸವೆಸಿದ ಲೈನ್ ಮನೆಯವರ ಹೆಸರು ಯಾವ ಓಟದ ನಕ್ಷೆಯಲ್ಲಿದೆ?

1946ರಲ್ಲಿ ಬಾಬಾಸಾಹೇಬರು ಅಮೆರಿಕದ ಡುಬೋಯಿಸ್ ಅವರಿಗೆ ಕಾಗದ ಬರೆದು, ಅಲ್ಲಿನ ಕಪ್ಪು ಜನ ವಿಶ್ವಸಂಸ್ಥೆಗೆ ಕೊಟ್ಟ ಮನವಿಯ ಪ್ರತಿ ಕೇಳಿದ್ದರು. ಸಮುದ್ರದಾಚೆಯವರ ಪಾಡಿನಲ್ಲಿ ನಮ್ಮದನ್ನ ನೋಡೋದು ನಮಗೆ ಹೊಸದಲ್ಲ. ರಿಯೂನಿಯನ್ ವಿಷಯದಲ್ಲಂತೂ ಅಷ್ಟು ದೂರದ ಹೋಲಿಕೆಯೂ ಬೇಕಿಲ್ಲ.

ಓಟದ ಕೊನೆಯ ಭಾಗ ಲಾ ಪೊಸೆಸಿಯೋಂ ಊರಿನಿಂದ ಶುರುವಾಗುವ 'ಇಂಗ್ಲಿಷರ ದಾರಿ'. 18ನೇ ಶತಮಾನದಲ್ಲಿ ಕರಿಗಲ್ಲು ಹಾಸಿದ ಹಾದಿ, ಬೊಬ್ಬೆ ಎದ್ದ ಪಾದಗಳಿಗೆ ನರಕ ಅಂತ ಓಟಗಾರರು ಬರೀತಾರೆ. ಆ ದಾರಿ ಗ್ರಾಂಡ್ ಶಲೂಪ್ ಅನ್ನೋ ಸಣ್ಣ ಕೊಲ್ಲಿಗೆ ಇಳಿಯುತ್ತೆ. ಅಲ್ಲಿ 1860ರ ದಶಕದ ಕಲ್ಲಿನ ಕಟ್ಟಡಗಳಿವೆ. ಗುಲಾಮಗಿರಿ ರದ್ದಾದ ಮೇಲೆ ಕಬ್ಬಿನ ಗದ್ದೆಗೆ ಕರಾರಿನ ಮೇಲೆ ಹಡಗು ತುಂಬಿ ತಂದ ಕೂಲಿಗಳನ್ನ, ಅವರ ಜೊತೆ ರೋಗ ಬಂದಿದೆಯಾ ಅಂತ ನೋಡೋಕೆ, ಕೂಡಿ ಹಾಕುತ್ತಿದ್ದ ಜಾಗ. ಹಾಗೆ ಬಂದವರಲ್ಲಿ ದೊಡ್ಡ ಪಾಲು ಪುದುಚೇರಿ, ಕಾರೈಕಲ್, ಮದ್ರಾಸು ಕಡೆಯ ಜನ, ತಮಿಳರೇ ಹೆಚ್ಚು. ಅವರ ಮೊಮ್ಮಕ್ಕಳನ್ನ ಅಲ್ಲಿ ಇವತ್ತಿಗೂ 'ಮಲಬಾರ್' ಅಂತ ಕರೀತಾರೆ. ಅಲ್ಲಿಂದ ಮತ್ತೆ ಒಂದು ಕಡಿದಾದ ಏರು, ಆಮೇಲೆ ಇಳಿಜಾರು, ಆಮೇಲೆ ಸಾಂ-ದೆನಿಯ ಕ್ರೀಡಾಂಗಣ, ಆಮೇಲೆ ಟೀ ಶರ್ಟು.

ನಮ್ಮಲ್ಲಿ ಯಾರಾದರೂ ಯಾವತ್ತಾದರೂ ಅಲ್ಲಿ ಓಡೋಕೆ ಹೋದರೆ ಗ್ರಾಂಡ್ ಶಲೂಪ್ ಹತ್ತಿರ ಐದು ನಿಮಿಷ ನಿಲ್ಲಿ. ಟೈಮ್ ಹೋದರೆ ಹೋಗಲಿ. ಆ ಕಟ್ಟಡದ ಒಂದು ಫೋಟೋ ತೆಗೆದು ನನಗೆ ಕಳಿಸಿ.

ಜೈ ಭೀಮ್.